ಹಬ್ಬಕ್ಕೆಂದು ಎತ್ತಿಟ್ಟ ತೋಟೆಗಳು

ಕೊರೋನಾ ಕಾಲದ ನಿರ್ಬಂಧಗಳೆಲ್ಲ ತೆರವಾಗಿ ಕುವೈತಿನಲ್ಲಿ ಕ್ರೀಡಾಕೂಟಗಳು ಮತ್ತೆ ಶುರುವಾದ ವರ್ಷ. ನಾನು ಆಗ ನಗರದ ಹೊರಗೆ ಮರುಭೂಮಿಯ ಅಂಚಿನಲ್ಲಿದ್ದ ಒಂದು ಖಾಸಗಿ ಶೂಟಿಂಗ್ ಕ್ಲಬ್ಬಿನಲ್ಲಿ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಬಂದೂಕು ಹಾರಿಸುವವನಲ್ಲ. ಹಾರಿಸುವವರ ಬಂದೂಕು ಕೈಕೊಡದಂತೆ ನೋಡಿಕೊಳ್ಳುವವನು. ಊರಿಗೆ ಹೋದಾಗಲೆಲ್ಲ ಇಗರ್ಜಿಯ ಅಂಗಳದಲ್ಲಿ ಯಾರಾದರೂ ಒಬ್ಬರು, "ಎಷ್ಟು ಜನರನ್ನು ಹೊಡೆದಿರಿ ಮಾರಾಯ್ರೆ?" ಎಂದು ಕೇಳುವುದುಂಟು. ಮೊದಲು ಸೇನೆಯ ವರ್ಕ್‌ಶಾಪಿನಲ್ಲಿ, ಆಮೇಲೆ ಕುವೈತಿನಲ್ಲಿ, ಇಡೀ ಸರ್ವಿಸಿನಲ್ಲಿ ನಾನು ಹೊಡೆದದ್ದು ತುಕ್ಕು ಹಿಡಿದ ಪಿನ್ನುಗಳನ್ನು ಮಾತ್ರ. ಅದೂ ಸಣ್ಣ ಸುತ್ತಿಗೆಯಲ್ಲಿ.

ನನ್ನ ಕೋಣೆಯ ಪಕ್ಕದಲ್ಲೇ ಲೋಡಿಂಗ್ ರೂಮ್ ಇತ್ತು. ಪಿಸ್ತೂಲಿನ ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಿಯಲ್ಲಿ ಗುಂಡು. ಹಾರಿಸಿದ ಮೇಲೆ ಉಳಿಯುವ ಖಾಲಿ ಕೇಸನ್ನು ಬಿಸಾಡದೆ, ತೊಳೆದು, ಅಳತೆಗೆ ಒತ್ತಿ, ಹೊಸ ಪ್ರೈಮರ್, ಮದ್ದು, ಗುಂಡು ಕೂಡಿಸಿ ಮತ್ತೆ ತೋಟೆ ಮಾಡುವುದಕ್ಕೆ ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಸ್ಪರ್ಧೆಯವರಿಗೆ ಇದು ಇಷ್ಟ, ಏಕೆಂದರೆ ತಮ್ಮ ಪಿಸ್ತೂಲಿಗೆ ಹೊಂದುವ ಹಾಗೆ ತೋಟೆಯನ್ನು ಪಳಗಿಸಿಕೊಳ್ಳಬಹುದು. ನಮ್ಮಲ್ಲಿ ಪರವಾನಗಿಯ ಪ್ರಕಾರ ಈ ಕೆಲಸವೆಲ್ಲ ಕ್ಲಬ್ಬಿನೊಳಗೇ ಆಗಬೇಕು. ಪಿಸ್ತೂಲೂ ಮನೆಗೆ ಹೋಗುವಂತಿಲ್ಲ, ತೋಟೆಯೂ ಹೋಗುವಂತಿಲ್ಲ. ಪಂದ್ಯ ಮುಗಿದ ಮೇಲೆ ಸಿಡಿಯದೆ ಉಳಿದ ತೋಟೆಗಳು ಒಂದು ತಗಡಿನ ಡಬ್ಬಿಯಲ್ಲಿ ವಾಪಸು ನನ್ನ ಮೇಜಿಗೇ ಬರುತ್ತಿದ್ದವು.

ಲೋಡಿಂಗ್ ರೂಮಿನ ಯಜಮಾನ ಹಮೀದ್. ಬಂಟ್ವಾಳದ ಕಡೆಯ ಬ್ಯಾರಿ ಮುಸ್ಲಿಮರು, ನನಗಿಂತ ಐದಾರು ವರ್ಷ ದೊಡ್ಡವರು, ಕುವೈತಿನದೇ ಅರ್ದಿಯಾದ ಗೋದಾಮುಗಳಲ್ಲಿ ದುಡಿದು ಕ್ಲಬ್ಬಿಗೆ ಬಂದವರು. ಊರಲ್ಲಿ ಕ್ರೈಸ್ತರನ್ನು ಕರೆಯುವ ರೂಢಿಯಂತೆ ಅವರು ನನ್ನನ್ನು "ಪೊರ್ಬುಗಳೇ" ಎನ್ನುತ್ತಿದ್ದರು, ನಾನು ಅವರನ್ನು "ಬ್ಯಾರಿಗಳೇ" ಎನ್ನುತ್ತಿದ್ದೆ. ಅವರ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಮಾಡಿದ ಪ್ರತಿ ತೋಟೆಯನ್ನೂ ಗೇಜಿಗೆ ಹಾಕಿ ನೋಡುತ್ತಿದ್ದರು. ಗೇಜ್ ಎಂದರೆ ಸರಿಯಾದ ಅಳತೆಯ ತೂತಿರುವ ಉಕ್ಕಿನ ತುಂಡು. ತೋಟೆ ಅದರೊಳಗೆ ಸಲೀಸಾಗಿ ಇಳಿದರೆ ಪಾಸು, ಇಲ್ಲವಾದರೆ ಕಸದ ಡಬ್ಬಿಗೆ. "ಒಂದು ಸಂಶಯ ಬಂದ್ರೆ ಬಿಸಾಡುದೇ ಪೊರ್ಬುಗಳೇ. ಇದೆಂತ ಮೀನಾ, ತೊಳ್ದು ತಿನ್ಲಿಕ್ಕೆ?" ಎನ್ನುತ್ತಿದ್ದರು.

ಈಗ ದಾನಾ ಎಂಬ ಹುಡುಗಿಯ ವಿಷಯ. ಹುಡುಗಿ ಎಂದೆ, ಆದರೆ ಆಕೆ ರುಮೈಥಿಯಾದ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು, ಮೂವತ್ತರ ಆಸುಪಾಸಿನ ಕುವೈತಿ ಹೆಂಗಸು. ಶಾಲೆ ಬಿಟ್ಟ ಮೇಲೆ ನೇರ ಕ್ಲಬ್ಬಿಗೆ ಬಂದು ಅಭ್ಯಾಸ ಮಾಡುತ್ತಿದ್ದರು. ಅವರದು ಓಡುತ್ತ, ತಿರುಗುತ್ತ, ಗಡಿಯಾರದ ವಿರುದ್ಧ ಗುರಿ ಹೊಡೆಯುವ ಸ್ಪರ್ಧೆ. ಇದರಲ್ಲಿ ಪಿಸ್ತೂಲು ಒಂದು ಸಲ ಅಡ್ಡಿ ಮಾಡಿದರೂ ಮುಗಿಯಿತು. ಅದನ್ನು ಸರಿಮಾಡಿಕೊಳ್ಳುವ ನಾಲ್ಕು ಸೆಕೆಂಡಿನಲ್ಲಿ ಉಳಿದವರು ಊಟ ಮುಗಿಸಿ ಕೈ ತೊಳೆದಿರುತ್ತಾರೆ. ಕ್ಲಬ್ಬಿನ ತಂಡಕ್ಕೆ ನಾಲ್ವರು ಆಯ್ಕೆಯಾಗಬೇಕಿತ್ತು, ಕಣದಲ್ಲಿ ಇದ್ದವರು ಐವರು, ಐವರಲ್ಲಿ ದಾನಾ ಒಬ್ಬರೇ ಹೆಂಗಸು. ಆಯ್ಕೆಗೆ ಮೂರು ಪಂದ್ಯ.

ನವೆಂಬರಿನ ಮೊದಲ ಪಂದ್ಯದಲ್ಲಿ ದಾನಾ ಅವರ ಪಿಸ್ತೂಲು ಎರಡು ಸಲ ನಿಂತಿತು.

ಮರುದಿನ ನಾನು ಅವರನ್ನು ಕೂರಿಸಿಕೊಂಡು ಕೇಳಿದೆ. ನಿಂತಾಗ ಪಿಸ್ತೂಲು ಹೇಗಿತ್ತು? ಖಾಲಿ ಕೇಸ್ ಸಿಕ್ಕಿಹಾಕಿಕೊಂಡಿತ್ತೇ? ದಾನಾ ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: "ಇಲ್ಲ ಮಿಸ್ಟರ್ ಡೆನಿಸ್. ಸ್ಲೈಡ್ ಮುಚ್ಚಿತ್ತು. ಅಂದರೆ ಮುಚ್ಚಿದ ಹಾಗೆ ಇತ್ತು. ಒಂದು ಉಗುರಿನಷ್ಟು ಬಾಕಿ ಇತ್ತು. ಟ್ರಿಗರ್ ಎಳೆದರೆ ಏನೂ ಆಗಲಿಲ್ಲ."

ಸ್ಲೈಡ್ ಎಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗ. ಪ್ರತಿ ಹೊಡೆತಕ್ಕೂ ಅದು ಹಿಂದೆ ಸರಿದು ಖಾಲಿ ಕೇಸನ್ನು ಹೊರಗೆಸೆಯುತ್ತದೆ. ಸ್ಪ್ರಿಂಗಿನ ಬಲದಿಂದ ಮುಂದೆ ಬರುವಾಗ ಹೊಸ ತೋಟೆಯನ್ನು ಬ್ಯಾರೆಲಿನೊಳಗೆ ತಳ್ಳಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚದಿದ್ದರೆ ಪಿಸ್ತೂಲು ಸಿಡಿಯುವುದಿಲ್ಲ. ಹಾಗಾಗಿ ನಾನು ಸ್ಪ್ರಿಂಗ್ ಬದಲಿಸಿದೆ, ಎಲ್ಲ ಬಿಚ್ಚಿ ತೊಳೆದೆ, ತೋಟೆ ತುಂಬುವ ಮ್ಯಾಗಝೀನುಗಳನ್ನೂ ಹೊಸದು ಹಾಕಿದೆ. ಅಭ್ಯಾಸದಲ್ಲಿ ಎರಡು ವಾರ ನೋಡಿದೆವು. ಒಂದೇ ಒಂದು ಸಲವೂ ನಿಲ್ಲಲಿಲ್ಲ. ಸರಿಯಾಯಿತು ಎಂದುಕೊಂಡೆವು. ಡಿಸೆಂಬರಿನ ಎರಡನೆಯ ಪಂದ್ಯದಲ್ಲಿ ಮತ್ತೆ ಮೂರು ಸಲ ನಿಂತಿತು.

ತಂಡದ ಕೋಚ್ ಕ್ಯಾಪ್ಟನ್ ಫಹದ್, ಸೇನೆಯಿಂದ ನಿವೃತ್ತರಾದವರು, ಒಳ್ಳೆಯ ಮನುಷ್ಯ, ಆದರೆ ಒಂದು ತೀರ್ಮಾನಕ್ಕೆ ಬಂದರೆ ಅದರಿಂದ ಇಳಿಸಲು ಕ್ರೇನ್ ಬೇಕು. ನನ್ನ ಕೋಣೆಗೆ ಬಂದು ನಿಂತೇ ಹೇಳಿದರು: "ಡೆನಿಸ್, ಇದು ಪಿಸ್ತೂಲಿನ ದೋಷ ಅಲ್ಲ. ಕೈಯ ದೋಷ. ಮಣಿಕಟ್ಟು ಮೆತ್ತಗೆ."

ಅವರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಹಿಡಿಯುವ ಮಣಿಕಟ್ಟು ಸಡಿಲವಾದರೆ ಸ್ಲೈಡಿಗೆ ಬೇಕಾದ ಬಲ ಸಿಗದೆ ಪಿಸ್ತೂಲು ನಿಲ್ಲುವುದು ನಿಜವಾಗಿಯೂ ಉಂಟು. ಅವರ ವಾದವೂ ಗಟ್ಟಿ: ಐವರಿಗೂ ಹಮೀದರೇ ಮಾಡಿದ ತೋಟೆ, ನಾಲ್ವರ ಪಿಸ್ತೂಲು ನಿಲ್ಲುವುದಿಲ್ಲ, ದಾನಾಳದ್ದು ಮಾತ್ರ ನಿಲ್ಲುತ್ತದೆ. ಅಭ್ಯಾಸದಲ್ಲಿ ನಿಲ್ಲುವುದಿಲ್ಲ, ಪಂದ್ಯದಲ್ಲಿ ನಿಲ್ಲುತ್ತದೆ. ಅಂದರೆ ಜನ ನೋಡುವಾಗ ಹೆದರಿಕೆಯಾಗಿ ಕೈ ಮೆತ್ತಗಾಗುತ್ತದೆ. "ಜನವರಿಯ ಪಂದ್ಯದಲ್ಲಿ ಇನ್ನೊಂದು ಸಲ ನಿಂತರೆ ಖಲಾಸ್. ಉಳಿದ ನಾಲ್ವರೇ ತಂಡ" ಎಂದು ಹೇಳಿ ಹೋದರು. ದಾನಾ ಅವರಿಗೂ ಅದನ್ನೇ ಹೇಳಿದ್ದರು, ಎಲ್ಲರ ಎದುರಿಗೆ.

ಆಮೇಲಿನ ವಾರ ದಾನಾ ಬಲಗೈ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಬಂದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಬಿಡುವು ಸಿಕ್ಕಾಗಲೆಲ್ಲ ಸ್ಪ್ರಿಂಗಿನ ಹಿಡಿ ಅದುಮಿ ಅದುಮಿ ಮಣಿಕಟ್ಟು ಊದಿತ್ತು. ಪಿಸ್ತೂಲನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದರೆಂದರೆ ಗುರಿಯೇ ನಡುಗುತ್ತಿತ್ತು. ಮೊದಲು ನಡುವಿಗೆ ಬೀಳುತ್ತಿದ್ದ ಗುಂಡುಗಳು ಈಗ ಅಂಚಿಗೆ ಬೀಳುತ್ತಿದ್ದವು. "ನನ್ನ ಕೈ ಇಷ್ಟು ಕೆಟ್ಟದು ಅಂತ ನನಗೆ ಗೊತ್ತೇ ಇರಲಿಲ್ಲ" ಎಂದು ನಗುತ್ತ ಹೇಳಿದರು. ಸಂಕಟದ ಆ ನಗು ನೋಡಿ ನನಗೆ ಸಿಟ್ಟು ಬಂತು. ಆದರೆ ಯಾರ ಮೇಲೆ ಸಿಟ್ಟು ಮಾಡಲಿ?

ವಾಪಸು ಬಂದ ಡಬ್ಬಿಯನ್ನು ಮೇಜಿನ ಮೇಲೆ ಸುರುವಿ ನೋಡಿದೆ. ಪಂದ್ಯದಲ್ಲಿ ನಿಂತಾಗಲೆಲ್ಲ ದಾನಾ ಸ್ಲೈಡ್ ಎಳೆದು ಹೊರಗೆ ಕೆಡವಿದ ತೋಟೆಗಳೂ ಅದರಲ್ಲಿದ್ದವು. ಗೇಜಿಗೆ ಹಾಕಿದೆ, ಎಲ್ಲವೂ ಪಾಸು. ಚಿನ್ನದ ಹಾಗೆ ಹೊಳೆಯುತ್ತಿದ್ದವು. ಬ್ಯಾರಿಗಳು ಪಂದ್ಯಕ್ಕೆಂದು ಚೆನ್ನಾಗಿ ಪಾಲಿಶ್ ಮಾಡಿದ್ದಾರೆ ಎಂದು ಮೆಚ್ಚಿಕೊಂಡು ಡಬ್ಬಿ ಮುಚ್ಚಿಟ್ಟೆ.

ಹೀಗಿರುವಾಗ ಕ್ರಿಸ್ಮಸ್ ಬಂತು. ಇಲ್ಲಿ ಅದು ರಜೆಯಲ್ಲ, ನನಗೆ ಮಧ್ಯಾಹ್ನದ ಪಾಳಿ ಇತ್ತು. ಅಬು ಹಲೀಫಾದ ನಮ್ಮ ಫ್ಲ್ಯಾಟಿಗೆ ಬೆಳಿಗ್ಗೆಯೇ ಎರಡು ಕುಟುಂಬ ಊಟಕ್ಕೆ ಬರುವುದೆಂದು ಮಾತಾಗಿತ್ತು. ಹಂದಿಮಾಂಸ ಈ ದೇಶದಲ್ಲಿ ಸಿಗುವುದಿಲ್ಲ, ಹಾಗಾಗಿ ಕೋಳಿ ಸಾರಿಗೇ ಹಬ್ಬದ ಪಟ್ಟ. ಜೊತೆಗೆ ಸನ್ನಾಂ ಆಗಲೇಬೇಕು. ಸನ್ನಾಂ ಎಂದರೆ ಹಿಟ್ಟು ಹುದುಗು ಬರಿಸಿ, ಸಣ್ಣ ಬಟ್ಟಲುಗಳಲ್ಲಿ ಹಾಕಿ, ಹಬೆಪಾತ್ರೆಯಲ್ಲಿ ಬೇಯಿಸುವ ನಮ್ಮವರ ತಿಂಡಿ, ಇಡ್ಲಿಗಿಂತ ಹಗುರ. ನನ್ನ ಹೆಂಡತಿ ಲೀನಾಳ ತಮ್ಮ ಮಂಗಳೂರಿನಿಂದ ಹೊಸ ಹಬೆಪಾತ್ರೆ ತಂದುಕೊಟ್ಟು ವರ್ಷವಾಗಿತ್ತು. ಅದು ರಟ್ಟಿನ ಪೆಟ್ಟಿಗೆಯ ಸಮೇತ ಕಪಾಟಿನ ಮೇಲೆ ಕೂತಿತ್ತು. ಆ ದಿನ ಅದಕ್ಕೆ ಮುಹೂರ್ತ.

ಅಡುಗೆಮನೆಯಿಂದ ಲೀನಾಳ ಸ್ವರ ಬಂತು. ಮನೆಯಲ್ಲಿ ನಮ್ಮದು ಕೊಂಕಣಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

"ಇಲ್ಲಿ ಬನ್ನಿ ಒಮ್ಮೆ! ಇದರ ಮುಚ್ಚಳ ಕೂರುದೇ ಇಲ್ಲ."

ಹೋಗಿ ನೋಡಿದೆ. ನಮ್ಮ ಹಳೆಯ ಬಟ್ಟಲುಗಳ ಅಂಚು ಹೊಸ ಪಾತ್ರೆಯ ತಟ್ಟೆಗೆ ಸ್ವಲ್ಪ ಎತ್ತರ. ಮುಚ್ಚಳ ಮೇಲಿನಿಂದ ನೋಡಿದರೆ ಕೂತ ಹಾಗೆಯೇ ಇತ್ತು. ಬಗ್ಗಿ ನೋಡಿದರೆ ಸುತ್ತ ಉಗುರಿನಷ್ಟು ಸಂದು. ಹಬೆಯೆಲ್ಲ ಅದರಿಂದ ಹೊರಗೆ. ಒಳಗಿನ ಸನ್ನಾಂ ಉಬ್ಬದೆ ಚಪ್ಪಟೆಯಾಗಿ ಕೂತಿದ್ದವು.

"ಹೊಸತು ಅಂತ ವರ್ಷ ಇಡೀ ಮುಟ್ಟದೆ ಹಬ್ಬಕ್ಕೆ ಎತ್ತಿಟ್ಟೆ. ಇವತ್ತೇ ಕೈಕೊಡ್ಬೇಕಾ ಇದು? ಮೊನ್ನೆ ಒಂದು ದಿನ ಇಟ್ಟು ನೋಡಿದ್ರೆ ಗೊತ್ತಾಗ್ತಿತ್ತು" ಎಂದು ಲೀನಾ ತಲೆ ಚಚ್ಚಿಕೊಂಡಳು. "ನಿಂತು ಎಂಥ ನೋಡುದು? ಹಳೇ ಪಾತ್ರೆ ತೆಗೀರಿ!"

ನಾನು ನಿಂತು ನೋಡುತ್ತಿದ್ದದ್ದು ಆ ಸಂದನ್ನು. ಉಗುರಿನಷ್ಟು ಬಾಕಿ ಇತ್ತು ಎಂದು ದಾನಾ ಹೇಳಿದ್ದು ಆಗ ನೆನಪಾಯಿತು. ಡಬ್ಬಿಯ ತೋಟೆಗಳು ಹಾಗೆ ಹೊಳೆಯುತ್ತಿದ್ದದ್ದು ಯಾಕೆ? ಹತ್ತು ಸಲ ಸಿಡಿದ ಕೇಸನ್ನು ಎಷ್ಟು ತಿಕ್ಕಿದರೂ ಆ ಹೊಳಪು ಬರುವುದಿಲ್ಲ. ಹಳೇ ಪಾತ್ರೆಯನ್ನು ಲೀನಾಳ ಕೈಗೆ ಕೊಟ್ಟವನೇ ಕಾರಿನ ಕೀ ಹುಡುಕಿದೆ. "ಊಟ?" ಎಂದಳು. "ಬಂದು ತಿನ್ನುತ್ತೇನೆ" ಎಂದೆ. ಆಮೇಲೆ ಬಂದ ಅತಿಥಿಗಳ ಎದುರು ಅವಳು ನನಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ.

ಕ್ಲಬ್ಬಿಗೆ ಹೋಗಿ ದಾನಾ ಅವರ ಪಿಸ್ತೂಲು ಬಿಚ್ಚಿ ಬ್ಯಾರೆಲ್ ಹೊರಗೆ ತೆಗೆದೆ. ಅಭ್ಯಾಸದ ಪೆಟ್ಟಿಗೆಯಿಂದ ಒಂದು ಹಳೆಯ, ಕಂದು ಬಣ್ಣದ ತೋಟೆಯನ್ನು ಅದರೊಳಗೆ ಬಿಟ್ಟೆ. ಟಣ್ ಎಂದು ತಳ ಮುಟ್ಟಿತು. ಬ್ಯಾರೆಲ್ ಮಗುಚಿದರೆ ತಾನಾಗಿಯೇ ಹೊರಗೆ ಬಿತ್ತು. ಆಮೇಲೆ ಡಬ್ಬಿಯ ಹೊಳೆಯುವ ತೋಟೆ ಬಿಟ್ಟೆ. ಟಣ್ ಎನ್ನಲಿಲ್ಲ. ಬಹುಪಾಲು ಇಳಿದು, ಉಗುರಿನಷ್ಟು ಮೇಲೆ ನಿಂತಿತು. ಮಗುಚಿದರೂ ಬೀಳಲಿಲ್ಲ, ಬೆರಳಲ್ಲಿ ಎಳೆದು ತೆಗೆಯಬೇಕಾಯಿತು.

"ಬ್ಯಾರಿಗಳೇ" ಎಂದು ಕರೆದೆ. "ಇದು ಯಾವ ಕೇಸು?"

ಹಮೀದರ ಮುಖ ಅರಳಿತು. "ಅದಾ? ಹೊಸತು ಪೊರ್ಬುಗಳೇ. ಬೇರೆ ಕಂಪೆನಿದ್ದು, ಒಂದು ಪೆಟ್ಟಿಗೆ ಬಂದಿತ್ತು. ನಾನು ಅದನ್ನು ಅಭ್ಯಾಸಕ್ಕೆ ಕೊಡ್ಲೇ ಇಲ್ಲ. ಮ್ಯಾಚಿಗೆ ಅಂತ ಎತ್ತಿಟ್ಟೆ. ಮಕ್ಕಳು ಮ್ಯಾಚಿಗೆ ಹೋಗುವಾಗ ಹಳತು ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ ಅಲ್ವಾ?"

ನಾನು ಬ್ಯಾರೆಲನ್ನೂ ತೋಟೆಯನ್ನೂ ಅವರ ಕೈಗೆ ಕೊಟ್ಟೆ. ಅವರೇ ಹಾಕಿ ನೋಡಿದರು. ಇನ್ನೊಂದು ಹಾಕಿದರು, ಮತ್ತೊಂದು. ಕೆಲವು ಇಳಿದವು, ಕೆಲವು ಇಳಿಯಲಿಲ್ಲ. ಅವರ ಕೈ ನಿಧಾನವಾಯಿತು. "ಯಾ ಅಲ್ಲಾಹ್" ಎಂದು ಸ್ಟೂಲಿನ ಮೇಲೆ ಕೂತುಬಿಟ್ಟರು.

ಆದದ್ದು ಇಷ್ಟು. ಹೊಸ ಕಂಪೆನಿಯ ಕೇಸಿನ ಗೋಡೆ ಹಳೆಯದಕ್ಕಿಂತ ಒಂದು ಕೂದಲಿನಷ್ಟು ದಪ್ಪ. ಒಳಗೆ ಗುಂಡು ಕೂತಾಗ ಕೇಸಿನ ಸೊಂಟ ಹೊರಗೆ ಉಬ್ಬುತ್ತದೆ. ಗೇಜಿನ ತೂತು ಸ್ವಲ್ಪ ಧಾರಾಳ, ಉಳಿದ ನಾಲ್ಕು ಪಿಸ್ತೂಲುಗಳ ಬ್ಯಾರೆಲುಗಳೂ ಧಾರಾಳ. ಅವು ಈ ಉಬ್ಬನ್ನು ನುಂಗಿಕೊಂಡವು. ದಾನಾ ಅವರದು ಗುರಿ ನಿಖರವಾಗಿರಲೆಂದು ಬಿಗಿಯಾಗಿ ಕೊರೆದ ಮ್ಯಾಚ್ ಬ್ಯಾರೆಲ್, ಅದು ನುಂಗಲಿಲ್ಲ. ಅಭ್ಯಾಸಕ್ಕೆ ಕೊಟ್ಟದ್ದೆಲ್ಲ ಹಳೆಯ ಕೇಸು, ಹಾಗಾಗಿ ಅಲ್ಲಿ ನಿಲ್ಲಲಿಲ್ಲ. ನಾವು ಊರಿನವರು ಒಳ್ಳೆಯ ತಟ್ಟೆಯನ್ನು, ಒಳ್ಳೆಯ ಸೀರೆಯನ್ನು, ಒಳ್ಳೆಯ ಕುರ್ಚಿಯನ್ನು ಬರುವ ಹಬ್ಬಕ್ಕೆ ಎತ್ತಿಡುತ್ತೇವಲ್ಲ, ಹಾಗೆಯೇ ಹಮೀದರು ತೋಟೆಯನ್ನೂ ಎತ್ತಿಟ್ಟಿದ್ದರು. ಬೇರೆ ಯಾವ ದೇಶದ ಲೋಡರ್ ಆಗಿದ್ದರೂ ಹೊಸ ಪೆಟ್ಟಿಗೆಯನ್ನು ಬಂದ ದಿನವೇ ಅಭ್ಯಾಸಕ್ಕೆ ಸುರಿಯುತ್ತಿದ್ದ. ಒಂದೇ ವಾರದಲ್ಲಿ ದೋಷ ಹೊರಬೀಳುತ್ತಿತ್ತು.

"ಆ ಹುಡುಗಿ ಕೈಗೆ ಬ್ಯಾಂಡೇಜ್ ಕಟ್ಟಿ ಬರ್ತಾಳೆ ಪೊರ್ಬುಗಳೇ. ನನ್ನಿಂದ" ಎಂದರು ಹಮೀದ್. ಕಣ್ಣು ತುಂಬಿತ್ತು. "ಕ್ಯಾಪ್ಟನಿಗೆ ನಾನೇ ಹೇಳ್ತೇನೆ. ಕೆಲಸ ಹೋದ್ರೆ ಹೋಗ್ಲಿ."

"ಹೇಳುದಲ್ಲ, ತೋರಿಸುದು" ಎಂದೆ. ಬರೀ ಮಾತಿಗೆ ಫಹದ್ ಬಗ್ಗುವವರಲ್ಲ ಎಂದು ನನಗೆ ಗೊತ್ತಿತ್ತು.

ಮರುದಿನ ಸಂಜೆ ಫಹದ್ ಅವರನ್ನು ಗುರಿ ಹೊಡೆಯುವ ರೇಂಜಿಗೆ ಕರೆದೆ. ದಾನಾ ಇದ್ದರು, ಹಮೀದರೂ ಇದ್ದರು. ಡಬ್ಬಿಯಲ್ಲಿ ವಾಪಸು ಬಂದ, ಹೊಳೆಯುವ ತೋಟೆಗಳನ್ನು ಮ್ಯಾಗಝೀನಿಗೆ ತುಂಬಿ, ದಾನಾ ಅವರ ಪಿಸ್ತೂಲನ್ನು ಫಹದರ ಕೈಗೆ ಕೊಟ್ಟೆ. "ಕ್ಯಾಪ್ಟನ್, ದಯವಿಟ್ಟು ನೀವು ಹಾರಿಸಿ." ಅವರ ಮಣಿಕಟ್ಟು ನನ್ನ ಮೊಣಕೈಯಷ್ಟು ದಪ್ಪ. ಕಾಲು ಊರಿ ನಿಂತು ಹಾರಿಸಿದರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಟ್ರಿಗರ್ ಎಳೆದರು, ಏನೂ ಆಗಲಿಲ್ಲ. ಸ್ಲೈಡ್ ಉಗುರಿನಷ್ಟು ಬಾಕಿ ಉಳಿದು ನಿಂತಿತ್ತು.

ನಾನು ತಡೆದುಕೊಳ್ಳಲಿಲ್ಲ. "ಏನು ಕ್ಯಾಪ್ಟನ್, ನಿಮ್ಮ ಮಣಿಕಟ್ಟೂ ಮೆತ್ತಗಾಯಿತೇ?" ಎಂದು ಕೇಳಿಯೇಬಿಟ್ಟೆ. ಕೇಳಿದ ಮೇಲೆ ನನ್ನ ಇಕಾಮಾ, ಅಂದರೆ ಈ ದೇಶದಲ್ಲಿ ಉಳಿಯುವ ಪರವಾನಗಿ, ನೆನಪಾಯಿತು.

ಫಹದ್ ಪಿಸ್ತೂಲನ್ನು ಕೆಳಗಿಟ್ಟು, ಸ್ಲೈಡನ್ನು ಬಗ್ಗಿ ನೋಡಿದರು. ನಾನು ಬ್ಯಾರೆಲ್ ಬಿಚ್ಚಿ ಎರಡು ಬಗೆಯ ತೋಟೆಗಳನ್ನೂ ಹಾಕಿ ತೋರಿಸಿದೆ. ಅವರು ತಾವೇ ಒಂದೊಂದನ್ನು ಹಾಕಿ ಪರೀಕ್ಷಿಸಿದರು. ಆಮೇಲೆ ದಾನಾ ಕಡೆ ತಿರುಗಿ ಅರಬ್ಬಿಯಲ್ಲಿ ಹೇಳಿದರು: "ತಪ್ಪು ನನ್ನದು. ಎಲ್ಲರ ಎದುರು ಹೇಳಿದ್ದೆ, ನಾಳೆ ಎಲ್ಲರ ಎದುರೇ ವಾಪಸು ತೆಗೆದುಕೊಳ್ಳುತ್ತೇನೆ. ಆ ಬ್ಯಾಂಡೇಜ್ ಬಿಚ್ಚು." ಮಾತಿನಂತೆ ಮಾರನೆಯ ದಿನ ನಡೆದುಕೊಂಡರು ಕೂಡ.

ಹಮೀದ್ ಮುಂದೆ ಬಂದು ತಮ್ಮ ಹಿಂದಿ ಬೆರೆತ ಇಂಗ್ಲಿಷಿನಲ್ಲಿ, ಹೊಸದನ್ನು ಎತ್ತಿಟ್ಟವನು ನಾನೇ ಮೇಡಂ, ಒಳ್ಳೆಯದಾಗಲಿ ಎಂದು ಮಾಡಿದೆ ಎಂದು ಹೇಳುತ್ತ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತರು. ದಾನಾ ಅವರಿಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ಆದರೆ ಹೇಳಿದ್ದು ಇದು: "ಹಾಗಾದರೆ ಇನ್ನು ಮುಂದೆ ನನಗೆ ಹಳೆಯದನ್ನೇ ಎತ್ತಿಡಿ, ಹಮೀದ್ ಭಾಯಿ."

ಉಳಿದ ದಿನಗಳಲ್ಲಿ ನಮ್ಮ ಕೆಲಸ ಬಹಳ ಸರಳವಾಗಿತ್ತು. ಹೊಸ ಕೇಸುಗಳನ್ನು ಸರಿಪಡಿಸಲು ದಾರಿ ಇಲ್ಲದಿರಲಿಲ್ಲ, ಆದರೆ ಪಂದ್ಯ ಹತ್ತಿರ ಇರುವಾಗ ಹೊಸ ಪ್ರಯೋಗ ಬೇಡವೆಂದು ತೀರ್ಮಾನಿಸಿದೆ. ಅಭ್ಯಾಸಕ್ಕೆ ಯಾವ ಕೇಸು, ಯಾವ ಗುಂಡು, ಯಾವ ಮದ್ದೋ ಪಂದ್ಯಕ್ಕೂ ಅದೇ. ತೋಟೆ ಒತ್ತುವ ಯಂತ್ರದ ಒಂದು ತಿರುಪನ್ನೂ ಮುಟ್ಟಬಾರದು. ಗೇಜನ್ನು ಡ್ರಾಯರಿಗೆ ಹಾಕಿ, ದಾನಾ ಅವರ ಪ್ರತಿ ತೋಟೆಯನ್ನೂ ದಾನಾ ಅವರ ಬ್ಯಾರೆಲಿಗೇ ಹಾಕಿ ನೋಡಬೇಕು. ಟಣ್ ಎಂದರೆ ಪೆಟ್ಟಿಗೆಗೆ, ಇಲ್ಲವಾದರೆ ಕಸಕ್ಕೆ. ಹಮೀದರು ಒಂದೊಂದನ್ನೂ ಕಿವಿಗೆ ಹತ್ತಿರ ಹಿಡಿದು ಕೇಳಿಸಿಕೊಳ್ಳುತ್ತಿದ್ದರು. ಆದರೂ ಕಂದು ಬಣ್ಣದ, ಗೀರು ಬಿದ್ದ ಆ ಕೇಸುಗಳನ್ನು ಪೆಟ್ಟಿಗೆಗೆ ತುಂಬುವಾಗ ಅವರ ಮುಖ ನೋಡಬೇಕಿತ್ತು. "ಪೆರ್ನಾಳಿಗೆ ಮಗುವಿಗೆ ಹಳೇ ಅಂಗಿ ಹಾಕಿಸಿದ ಹಾಗೆ ಆಗ್ತದೆ ಪೊರ್ಬುಗಳೇ" ಎಂದು ಗೊಣಗುತ್ತಿದ್ದರು. ಪೆರ್ನಾಳ್ ಎಂದರೆ ಅವರ ಮಾತಿನಲ್ಲಿ ಈದ್ ಹಬ್ಬ.

ಜನವರಿಯ ಪಂದ್ಯದ ದಿನ ಗಾಳಿ ಇತ್ತು, ಮರಳು ಹಾರುತ್ತಿತ್ತು. ನಾವಿಬ್ಬರೂ ಬೇಲಿಯ ಹಿಂದೆ ನಿಂತು ನೋಡಿದೆವು. ನಾನು ಗುರಿ ನೋಡಲಿಲ್ಲ, ಸ್ಲೈಡನ್ನು ಮಾತ್ರ ನೋಡಿದೆ. ಹಮೀದ್ ಅದನ್ನೂ ನೋಡಲಿಲ್ಲ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಒಂದು ಸುತ್ತು ಮುಗಿಯಿತು, ಎರಡು, ಮೂರು. ಕೊನೆಯ ಸುತ್ತಿನಲ್ಲಿ ದಾನಾ ಮೂಲೆ ತಿರುಗಿ ಓಡಿ, ನಿಂತು, ಒಂದೇ ಉಸಿರಿನಲ್ಲಿ ಹೊಡೆದರು. ಸ್ಲೈಡ್ ನಿಂತಿತು! ನಾನು ಬೇಲಿಗೆ ಮುಖ ಒತ್ತಿ ನೋಡಿದೆ. ಮರುಕ್ಷಣ ಗೊತ್ತಾಯಿತು: ಅದು ಪೂರ್ತಿ ಹಿಂದೆ ಹೋಗಿ ನಿಂತಿತ್ತು. ಮ್ಯಾಗಝೀನ್ ಖಾಲಿಯಾದರೆ ಅದು ನಿಲ್ಲಬೇಕಾದದ್ದೇ ಹಾಗೆ. ಅಷ್ಟರಲ್ಲಿ ಕೊನೆಯ ಗುರಿಯೂ ಬಿದ್ದಾಗಿತ್ತು.

ಮೂರೂ ಪಂದ್ಯ ಕೂಡಿಸಿ ನೋಡಿದಾಗ ದಾನಾ ನಾಲ್ಕನೆಯವರು. ತಂಡಕ್ಕೆ ಬೇಕಾದವರು ನಾಲ್ವರು.

ಈ ಕೆಲಸ ನನಗೆ ಕಲಿಸಿದ್ದನ್ನು ಕೇಳುವವರಿಗೆ ಎರಡೇ ಮಾತು ಹೇಳುತ್ತೇನೆ. ಹಬ್ಬಕ್ಕೆ ಬೇಕಾದ ವಸ್ತುವನ್ನು ಮೊದಲು ವಾರದ ದಿನಗಳಲ್ಲಿ ಬಳಸಿ ನೋಡಬೇಕು. ಇನ್ನೊಬ್ಬರ ಕೈ ಮೆತ್ತಗೆ ಎನ್ನುವ ಮೊದಲು ಅವರ ಕೈಗೆ ನಾವು ಕೊಟ್ಟದ್ದೇನು ಎಂದು ನೋಡಬೇಕು. ನಮ್ಮ ಮನೆಯ ಹೊಸ ಹಬೆಪಾತ್ರೆ ಅದಕ್ಕೆ ತಕ್ಕ ಬಟ್ಟಲುಗಳ ಜೊತೆ ಈಗ ಪ್ರತಿ ಶುಕ್ರವಾರ ಒಲೆಯೇರುತ್ತದೆ.

ಪಂದ್ಯ ಮುಗಿದ ಮರುದಿನ ದಾನಾ ಲೋಡಿಂಗ್ ರೂಮಿಗೆ ಬಂದರು. ತೊಳೆದು ಸುತ್ತಿ ಇಟ್ಟಿದ್ದ ಆ ಕ್ರೇಪ್ ಬ್ಯಾಂಡೇಜನ್ನು ಚೀಲದಿಂದ ತೆಗೆದು ಹಮೀದರ ಮೇಜಿನ ಮೇಲೆ ಇಟ್ಟರು. "ನನಗೆ ಇದು ಇನ್ನು ಬೇಡ. ಬ್ಯಾರೆಲ್ ಒರೆಸಲು ಆದೀತು" ಎಂದು ನಕ್ಕು ಹೋದರು. ಈ ಸಲದ ನಗುವಿನಲ್ಲಿ ಸಂಕಟವಿರಲಿಲ್ಲ.

ಹಮೀದ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರು. "ಒಳ್ಳೆ ಬಟ್ಟೆ ಪೊರ್ಬುಗಳೇ, ಹೊಸತರ ಹಾಗೆಯೇ ಉಂಟು" ಎಂದು ಮೇಲಿನ ಕಪಾಟಿನ ಬಾಗಿಲು ತೆರೆದರು. "ಯಾವುದಕ್ಕಾದ್ರೂ ಆಗ್ತದೆ. ಎತ್ತಿಡ್ತೇನೆ."

"ಬ್ಯಾರಿಗಳೇ!" ಎಂದು ನಾನು ಕಿರುಚಿದೆ.

ಅವರು ಅಲ್ಲೇ ನಿಂತರು. ಕೈಯಲ್ಲಿದ್ದ ಬ್ಯಾಂಡೇಜನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಕಪಾಟು ಮುಚ್ಚಿ, ಕತ್ತರಿ ತೆಗೆದು ಅದನ್ನು ತುಂಡು ತುಂಡು ಮಾಡಿದರು. ಮೊದಲ ತುಂಡಿಗೆ ಎಣ್ಣೆ ಹಾಕಿ ದಾನಾ ಅವರ ಬ್ಯಾರೆಲ್ ಒರೆಸಲು ಕೂತರು.